ಬ್ಯಾಂಕುಗಳ ತವರಿನಲ್ಲಿ ಸಣ್ಣ ಹಿಡುವಳಿದಾರ

ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತವರು ಎಂದು ಕರೆಯುವುದು ವಾಡಿಕೆ. ಸಭೆ ಸಮಾರಂಭಗಳ ಸ್ವಾಗತ ಭಾಷಣದಲ್ಲಿ ತಪ್ಪದೆ ಬರುವ ಈ ಮಾತು ಸುಳ್ಳೇನೂ ಅಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಹುಟ್ಟಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು, 1931ರ ವಿಜಯದಶಮಿಯಂದು ಎ.ಬಿ. ಶೆಟ್ಟರೂ ಅವರ ಜತೆಗಾರ ಕೃಷಿಕರೂ ಮಂಗಳೂರಿನಲ್ಲಿ ತೆರೆದ ವಿಜಯಾ ಬ್ಯಾಂಕು. ಹೀಗೆ ಕಾಲು ಶತಮಾನದಲ್ಲಿ ಅವಿಭಜಿತ ಜಿಲ್ಲೆಯೊಂದು ಐದು ಬ್ಯಾಂಕುಗಳನ್ನು ಹೆತ್ತಿತು. 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನು ಮನೆಬಾಗಿಲಿನಿಂದಲೇ ಸಂಗ್ರಹಿಸಲಾಗುತ್ತಿತ್ತು. ಕೂಲಿಕಾರರ, ನೇಕಾರರ, ಗೂಡಂಗಡಿಯವರ ಆ ಎರಡಾಣೆಗಳ ಮೇಲೆಯೇ ದೇಶವ್ಯಾಪಿ ಸಂಸ್ಥೆಯೊಂದು ಎದ್ದು ನಿಂತಿತು.

ಇಂತಹ ತವರಿನಲ್ಲಿ, ಘಟ್ಟದ ಬುಡದ ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಒಂದೂವರೆ ಎಕರೆಯ ತೋಟ ನಂಬಿ ಕುಳಿತ ಕೃಷಿಕನು ಮಳೆಗಾಲಕ್ಕೆ ಮುನ್ನ ಮೈಲುತುತ್ತು ಕೊಳ್ಳಲು ಮನೆಯಾಕೆಯ ಬೆಂಡೋಲೆಯನ್ನು ಅಡವಿಡಬೇಕಾಗಿ ಬರುವುದೇಕೆ? ಪ್ರತಿ ವರ್ಷ ಕೃಷಿ ಸಾಲದ ಗುರಿಯನ್ನು ಮೀರಿದೆವೆಂದು ಬ್ಯಾಂಕುಗಳು ಹೇಳಿಕೊಳ್ಳುತ್ತವೆ. ಸರಕಾರಗಳು ಬಡ್ಡಿಯನ್ನು ಇಳಿಸಿದೆವು, ಸಾಲವನ್ನು ಮನ್ನಾ ಮಾಡಿದೆವು ಎನ್ನುತ್ತವೆ. ಅಂಕಿ ಅಂಶಗಳ ಮಟ್ಟಿಗೆ ಇಬ್ಬರೂ ಸತ್ಯವನ್ನೇ ನುಡಿಯುತ್ತಿದ್ದಾರೆ. ಆದರೆ ಸಾಲವು ಕೃಷಿಯ ಹೆಸರಿಗೆ ಹೋಗುವುದಕ್ಕೂ ಕೃಷಿಕನ ಕೈಗೆ ಹೋಗುವುದಕ್ಕೂ ನಡುವೆ ಇರುವ ಅಂತರವನ್ನು ಅಳೆಯುವ ಕೆಲಸ ಮಾತ್ರ ನಡೆದಿಲ್ಲ.

ಹಳೆಯ ಕಾಲವನ್ನು ಸುವರ್ಣಯುಗವೆಂದು ಭ್ರಮಿಸಬೇಕಾಗಿಲ್ಲ. ಐದು ಬ್ಯಾಂಕುಗಳೂ ಹುಟ್ಟಿದ ದಿನಗಳಲ್ಲಿ ಜಿಲ್ಲೆಯ ಬಹುಪಾಲು ಸಾಗುವಳಿದಾರರು ಗೇಣಿ ಒಕ್ಕಲುಗಳಾಗಿದ್ದರು. ಚಾಲಗೇಣಿಯ ಒಕ್ಕಲಿಗೆ ಅಡಮಾನವಿಡಲು ತನ್ನದೆಂಬ ನೆಲವಿರಲಿಲ್ಲ. ಅವನಿಗೆ ಸಾಲ ಕೊಡುತ್ತಿದ್ದವನು ಧಣಿ, ಇಲ್ಲವೇ ಪೇಟೆಯ ಸಾಹುಕಾರ. ಅಡಿಕೆ ಬೆಳೆಗಾರನಿಗೂ ಮಂಗಳೂರು ಬಂದರಿನ ಮಂಡಿಯ ಮುಂಗಡವೇ ಬ್ಯಾಂಕಾಗಿತ್ತು. ಮುಂಗಡ ಪಡೆದವನು ಅಡಿಕೆಯನ್ನು ಬೇರೆಡೆಗೆ ಒಯ್ಯುವಂತಿರಲಿಲ್ಲ, ದರವನ್ನು ಕೇಳುವಂತಿರಲಿಲ್ಲ. 1970ರ ದರಕುಸಿತದ ಬಳಿಕ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದದ್ದು ಈ ಕಟ್ಟಿನಿಂದ ಬಿಡಿಸಿಕೊಳ್ಳಲೆಂದೇ. ಇಡೀ ದೇಶದ ಚಿತ್ರವೂ ಭಿನ್ನವಾಗಿರಲಿಲ್ಲ. 1951-52ರ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಮಾಡಿದ ಸಾಲದಲ್ಲಿ ಸರಕಾರ, ಸಹಕಾರಿ ಸಂಘ ಮತ್ತು ಬ್ಯಾಂಕು ಮೂರೂ ಸೇರಿ ಒದಗಿಸಿದ್ದು ನೂರಕ್ಕೆ ಏಳರಷ್ಟು ಮಾತ್ರ.

ಆ ಸ್ಥಿತಿಯನ್ನು ಬದಲಿಸಿದ್ದು ಎರಡು ಸಂಗತಿಗಳು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ ಮತ್ತು ಸಿಂಡಿಕೇಟ್ ಅವುಗಳಲ್ಲಿದ್ದವು. ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ಸೇರಿದವು. ಇನ್ನೊಂದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಕರ್ನಾಟಕದಲ್ಲಿ ಈ ಕಾನೂನು ಎಲ್ಲಿಯಾದರೂ ಕಾಗದದಿಂದ ನೆಲಕ್ಕಿಳಿದಿದ್ದರೆ ಅದು ಮುಖ್ಯವಾಗಿ ಕರಾವಳಿಯಲ್ಲಿ. ಒಕ್ಕಲು ಮಕ್ಕಳ ಹೆಸರು ಪಹಣಿಗೆ ಬಂತು, ಪಹಣಿಯ ಬಲದಿಂದ ಬ್ಯಾಂಕಿನ ಬಾಗಿಲು ಸ್ವಲ್ಪ ತೆರೆಯಿತು. ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು 1975ರ ಅಕ್ಟೋಬರ್ 2ರಂದು ದೂರದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದರ ಪ್ರಾಯೋಜಕತ್ವ ವಹಿಸಿದ್ದು ಸಿಂಡಿಕೇಟ್ ಬ್ಯಾಂಕು ಎಂಬುದನ್ನು ಇಲ್ಲಿ ನೆನೆಯಬಹುದು. ಆ ದಶಕದಲ್ಲಿ ಕರಾವಳಿಯ ಬ್ಯಾಂಕುಗಳಿಗೆ ಹಳ್ಳಿಯ ಬಗ್ಗೆ ಒಂದು ಕುತೂಹಲವಾದರೂ ಇತ್ತು.

ಬಳಿಕ ಬಂದದ್ದು ಸಾಲಮೇಳ. ಮಂಗಳೂರಿನ ಸಂಸದ ಬಿ. ಜನಾರ್ದನ ಪೂಜಾರಿಯವರು ಕೇಂದ್ರದ ಹಣಕಾಸು ಖಾತೆಯಲ್ಲಿ ಮಂತ್ರಿಯಾಗಿದ್ದ 1980ರ ದಶಕದಲ್ಲಿ ಮೈದಾನಗಳಲ್ಲಿ ಶಾಮಿಯಾನ ಹಾಕಿಸಿ, ಬ್ಯಾಂಕ್ ಅಧಿಕಾರಿಗಳನ್ನು ಕೂರಿಸಿ, ಬಡವರಿಗೆ ಆಸ್ತಿಯ ಜಾಮೀನಿಲ್ಲದೆ ಸಣ್ಣ ಸಾಲಗಳನ್ನು ಕೊಡಿಸಿದರು. ಬ್ಯಾಂಕುಗಳ ಹಣವನ್ನು ಮತಕ್ಕಾಗಿ ಹಂಚಲಾಗುತ್ತಿದೆ ಎಂದು ಬ್ಯಾಂಕರುಗಳೂ ಪತ್ರಿಕೆಗಳೂ ಕಟುವಾಗಿ ಟೀಕಿಸಿದವು. ಟೀಕೆಯಲ್ಲಿ ಹುರುಳಿತ್ತು. ಸಹಾಯಧನದ ಆಸೆಗೆ ಕಾಗದದ ಮೇಲೆ ಹಸು ಕೊಂಡವರಿದ್ದರು, ಆ ಹಸುವನ್ನು ಕಾಗದದ ಮೇಲೆಯೇ ಸಾಯಿಸಿದವರೂ ಇದ್ದರು. ಪಟ್ಟಿಯಲ್ಲಿ ಹೆಸರು ಸೇರಿಸಲು ಕೈಬಿಸಿ ಮಾಡಿಸಿಕೊಂಡ ಪುಢಾರಿಗಳಂತೂ ಊರೂರಿನಲ್ಲಿ ಹುಟ್ಟಿಕೊಂಡರು. ಆದರೂ ಅಂದಿನ ಟೀಕಾಕಾರರು ಮರೆತ ಒಂದು ವಿಷಯವಿದೆ. ಬ್ಯಾಂಕಿನ ಮೆಟ್ಟಿಲೇರಲು ಅಂಜುತ್ತಿದ್ದವರನ್ನು ಅಧಿಕಾರಿ ಮೊದಲ ಬಾರಿಗೆ ಎದುರಿಗೆ ಕೂರಿಸಿ ಮಾತಾಡಿಸಿದ್ದು ಆ ಶಾಮಿಯಾನದ ಕೆಳಗೆ. ಅಲ್ಲಿ ಹಂಚಿದ ಕೆಲವು ಸಾವಿರ ರೂಪಾಯಿಗಳ ಸಾಲ ಮುಳುಗಿತೆಂದು ಗುಲ್ಲೆಬ್ಬಿಸಿದ ವ್ಯವಸ್ಥೆಯೇ ಮುಂದೆ ಸಾವಿರಾರು ಕೋಟಿ ಮುಳುಗಿದಾಗ ಅದಕ್ಕೆ ಅನುತ್ಪಾದಕ ಆಸ್ತಿ ಎಂಬ ಗೌರವದ ಹೆಸರಿಟ್ಟಿತು.

1991ರ ನರಸಿಂಹಂ ಸಮಿತಿಯು ಆದ್ಯತಾ ವಲಯಕ್ಕೆ ಮೀಸಲಾದ ಸಾಲವನ್ನು ನೂರಕ್ಕೆ ಹತ್ತಕ್ಕೆ ಇಳಿಸಬೇಕೆಂದಿತು. ಸರಕಾರ ಅದನ್ನು ನೇರವಾಗಿ ಒಪ್ಪಲಿಲ್ಲ, ಒಪ್ಪಿದ್ದರೆ ಗದ್ದಲವಾಗುತ್ತಿತ್ತು. ಅದರ ಬದಲು ಮೌನವಾದ ದಾರಿಯೊಂದನ್ನು ಹಿಡಿಯಲಾಯಿತು. ಬ್ಯಾಂಕುಗಳು ತಮ್ಮ ಸಾಲದ ಶೇಕಡಾ 18ನ್ನು ಕೃಷಿಗೆ ಕೊಡಬೇಕೆಂಬ ಗುರಿ ಹಾಗೆಯೇ ಉಳಿಯಿತು, ಆದರೆ ಕೃಷಿ ಎಂಬ ಪದದ ಅರ್ಥ ವರ್ಷ ವರ್ಷವೂ ಹಿಗ್ಗುತ್ತ ಹೋಯಿತು. 2015ರ ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲಿ ನೇರ ಕೃಷಿ ಸಾಲ, ಪರೋಕ್ಷ ಕೃಷಿ ಸಾಲ ಎಂಬ ಭೇದವೇ ಅಳಿಯಿತು. ಆಹಾರ ಸಂಸ್ಕರಣೆಗೆ ಒಬ್ಬ ಸಾಲಗಾರನಿಗೆ 100 ಕೋಟಿ ರೂಪಾಯಿಯ ವರೆಗೆ ಕೊಟ್ಟ ಸಾಲವೂ ಕೃಷಿ ಸಾಲವೇ. ಕೃಷಿ ಉತ್ಪನ್ನದ ಉಗ್ರಾಣ ಅಥವಾ ಶೀತಲ ಗೃಹವಾದರೆ, ಅದು ಎಲ್ಲಿಯೇ ಇರಲಿ, ಅದಕ್ಕೆ ಕೊಟ್ಟದ್ದೂ ಕೃಷಿ ಸಾಲವೇ. ಹಾಗಾಗಿ ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಉದ್ಯಮಿಯೊಬ್ಬ ಶೀತಲ ಗೃಹ ಕಟ್ಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಅವನೂ ಸಂಪಾಜೆಯ ಅಡಿಕೆ ಕೃಷಿಕನೂ ಒಂದೇ ಸಾಲಿನಲ್ಲಿ ಕುಳಿತವರು. ಗುರಿ ತಲುಪಲು ಬ್ಯಾಂಕಿಗೆ ಯಾರನ್ನು ಹಿಡಿದರೆ ಸುಲಭವೆಂದು ಬಿಡಿಸಿ ಹೇಳಬೇಕಾಗಿಲ್ಲ. ನೂರು ಕೋಟಿಯ ಒಂದು ಕಡತ, ಅಥವಾ ಒಂದೊಂದು ಲಕ್ಷದ ಹತ್ತು ಸಾವಿರ ಕಡತಗಳು!

ಮಾಹಿತಿ ಹಕ್ಕಿನಡಿ ರಿಸರ್ವ್ ಬ್ಯಾಂಕು ನೀಡಿದ ಉತ್ತರವೊಂದು 2018ರಲ್ಲಿ ಪ್ರಕಟವಾಯಿತು. ಅದರಂತೆ 2016ರಲ್ಲಿ ಸರಕಾರಿ ಬ್ಯಾಂಕುಗಳು ಕೇವಲ 615 ಖಾತೆಗಳಿಗೆ 58,561 ಕೋಟಿ ರೂಪಾಯಿ ಕೃಷಿ ಸಾಲ ಕೊಟ್ಟಿದ್ದವು. ಸರಾಸರಿ ಲೆಕ್ಕ ಹಾಕಿದರೆ ಖಾತೆಯೊಂದಕ್ಕೆ 95 ಕೋಟಿ. ಯಾವ ಗದ್ದೆಗೆ, ಯಾವ ತೋಟಕ್ಕೆ 95 ಕೋಟಿಯ ಗೊಬ್ಬರ ಬೇಕಾದೀತು? ಇದರಲ್ಲಿ ನಿಯಮದ ಉಲ್ಲಂಘನೆಯೇನೂ ಇಲ್ಲದಿರಬಹುದು. ಅದೇ ಇಲ್ಲಿನ ಕಷ್ಟ. ಮೇಜಿನ ಕೆಳಗೆ ಕೈಚಾಚುವವನನ್ನು ಹಿಡಿಯಲು ಲೋಕಾಯುಕ್ತವಿದೆ, ಸಿಬಿಐ ಇದೆ. ಪದದ ಅರ್ಥವನ್ನೇ ಕದ್ದವರ ಮೇಲೆ ದೂರು ಕೊಡುವುದು ಯಾವ ಠಾಣೆಯಲ್ಲಿ? ಅದೇ ರಿಸರ್ವ್ ಬ್ಯಾಂಕಿನ ಆಂತರಿಕ ಕಾರ್ಯತಂಡವು 2019ರ ವರದಿಯಲ್ಲಿ ಒಪ್ಪಿಕೊಂಡಂತೆ ವಾಣಿಜ್ಯ ಬ್ಯಾಂಕುಗಳು ತಲುಪಿದ್ದು ದೇಶದ ಸಣ್ಣ ಮತ್ತು ಅತಿಸಣ್ಣ ರೈತರಲ್ಲಿ ನೂರಕ್ಕೆ 41 ಮಂದಿಯನ್ನು. ಈ ವರ್ಗಕ್ಕೆಂದು ಪ್ರತ್ಯೇಕ ಒಳಗುರಿ ಹುಟ್ಟಿದ್ದೇ 2015ರಲ್ಲಿ. ಅದು ಮೆಲ್ಲಮೆಲ್ಲನೆ ಏರಿ ಈಗ ಶೇಕಡಾ 10ಕ್ಕೆ ನಿಂತಿದೆ. ಕರ್ನಾಟಕದ ಹಿಡುವಳಿಗಳಲ್ಲಿ ಐದಕ್ಕೆ ನಾಲ್ಕು ಇವರದೇ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ದೊಡ್ಡ ಸಾಲಗಳ ಕಥೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಬಂಟ್ವಾಳ ಮೂಲದ ಕುಟುಂಬದ ವಿಜಯ ಮಲ್ಯರ ವಿಮಾನ ಕಂಪನಿಗೆ ಸಾಲ ಕೊಟ್ಟ ಬ್ಯಾಂಕುಗಳ ಕೂಟದಲ್ಲಿ ಮಂಗಳೂರು ಪಾಂಡೇಶ್ವರದ ಕಾರ್ಪೊರೇಷನ್ ಬ್ಯಾಂಕೂ ಇತ್ತು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರೂ ಇತ್ತು. ಬಡ್ಡಿ ಸೇರಿ ಬಾಕಿ ಸುಮಾರು 9,000 ಕೋಟಿಗೆ ಏರಿದ್ದಾಗ, 2016ರ ಮಾರ್ಚಿನಲ್ಲಿ, ಅವರು ದೇಶ ಬಿಟ್ಟರು. 2014ರ ಆಗಸ್ಟಿನಲ್ಲಿ ಸಿಂಡಿಕೇಟ್ ಬ್ಯಾಂಕಿನ ಅಂದಿನ ಅಧ್ಯಕ್ಷರನ್ನೇ ಕಂಪನಿಗಳ ಸಾಲಮಿತಿ ಏರಿಸಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಎರಡಾಣೆಯ ಪಿಗ್ಮಿಯಿಂದ ಬೆಳೆದ ಬ್ಯಾಂಕಿನ ಹೆಸರು ಆ ವಾರವಿಡೀ ಪತ್ರಿಕೆಗಳಲ್ಲಿ ಬಂದದ್ದು ಹೀಗೆ.

ಈಗ ಇನ್ನೊಂದು ತುದಿಗೆ, ಒಂದೂವರೆ ಎಕರೆಯವನ ಬಳಿಗೆ ಬರಬೇಕು. ಅವನು ಬ್ಯಾಂಕಿಗೆ ಹೋಗುವುದೆಂದರೆ ಮೊದಲು ಕಾಗದಗಳ ಬೇಟೆಗೆ ಹೊರಡುವುದೆಂದೇ ಅರ್ಥ. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ, ಪೌತಿ ಖಾತೆಯಾಗಿರುವುದಿಲ್ಲ. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿರುತ್ತಾರೆ, ಪಾಲುಪಟ್ಟಿ ನೋಂದಣಿಯಾಗಿರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಯ ಹೆಸರಿದ್ದು, ಪ್ಲಾಟಿಂಗ್ ಆಗದ ಹೊರತು ಯಾರ ತೋಟ ಎಲ್ಲಿಂದ ಎಲ್ಲಿಯ ವರೆಗೆ ಎಂದು ಕಾಗದ ಹೇಳುವುದಿಲ್ಲ. ತೋಟದ ತಲೆಯ ಮೇಲಿರುವ, ಸೊಪ್ಪು ತರಗೆಲೆ ಕೊಡುವ ಕುಮ್ಕಿಯಂತೂ ದಾಖಲೆಯಲ್ಲಿ ಸರಕಾರದ್ದು. ಮೂವತ್ತು ನಲವತ್ತು ವರ್ಷಗಳಿಂದ ಸಾಗುವಳಿ ಮಾಡಿಕೊಂಡು ಬಂದ ನೆಲಕ್ಕೆ ನಮೂನೆ 50, ಬಳಿಕ 53, ಆ ಬಳಿಕ 57 ಎಂದು ಸಲ್ಲಿಸಿದ ಅರ್ಜಿಗಳು ತಾಲೂಕು ಕಚೇರಿಯಲ್ಲಿ ಹಳದಿಯಾಗುತ್ತಿರುತ್ತವೆ. ಮನೆಯ ಗಂಡಸು ಗಲ್ಫಿಗೋ ಮುಂಬಯಿಗೋ ಹೋಗಿ, ತೋಟವನ್ನು ಹತ್ತಾರು ವರ್ಷಗಳಿಂದ ನೋಡಿಕೊಂಡು ಬರುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಆಕೆ ಬ್ಯಾಂಕಿನ ದೃಷ್ಟಿಯಲ್ಲಿ ಕೃಷಿಕಳೇ ಅಲ್ಲ.

ಭ್ರಷ್ಟಾಚಾರ ಬೇರು ಬಿಡುವುದು ಈ ಕೊರಕಲುಗಳಲ್ಲಿ. ಕಾಗದವೊಂದು ಬೇಕು, ಅದನ್ನು ಕೊಡುವವನಿಗೆ ಕಾಲಮಿತಿಯಿಲ್ಲ, ಕೇಳುವವನಿಗೆ ಮಳೆಗಾಲದ ಗಡುವಿದೆ. ನಡುವೆ ಒಬ್ಬ ಪರಿಚಿತ ನಿಂತಿರುತ್ತಾನೆ. ಸರ್ವೆಯವರ ಓಡಾಟದ ಖರ್ಚು, ಋಣಭಾರ ಪತ್ರದ ಓಡಾಟ, ಬ್ಯಾಂಕು ಸೂಚಿಸಿದ ವಕೀಲರ ಅಭಿಪ್ರಾಯಕ್ಕೆ ಶುಲ್ಕ, ಮೌಲ್ಯಮಾಪನಕ್ಕೆ ಇನ್ನಷ್ಟು, ಕೊನೆಗೆ ಕಡತ ಮೇಜಿನಿಂದ ಮೇಜಿಗೆ ಸರಿಯಲು ಪರಿಚಿತನ ಮೂಲಕ ಸಲ್ಲುವ ಕಾಣಿಕೆ. ಸಾಲ ಮಂಜೂರಾಗುವ ಹೊತ್ತಿಗೆ ಕೇಳದಿದ್ದ ವಿಮಾ ಪಾಲಿಸಿಯೊಂದು ಅದರೊಳಗಿಂದಲೇ ಕಂತು ಕಳೆದುಕೊಂಡು ಬಂದು ಕೂರುವುದೂ ಉಂಟು. ಎಷ್ಟು ಸೋರಿತೆಂದು ಯಾವ ಕೃಷಿಕನೂ ಲೆಕ್ಕ ಬರೆದಿಡುವುದಿಲ್ಲ, ಯಾರ ಮೇಲೂ ದೂರು ಕೊಡುವುದಿಲ್ಲ. ಮುಂದಿನ ವರ್ಷವೂ ಅದೇ ಮೇಜಿನ ಮುಂದೆ ನಿಲ್ಲಬೇಕಾದವನು ಅವನು.

ಎಲ್ಲ ಬ್ಯಾಂಕ್ ನೌಕರರೂ ಹೀಗೆಂದು ಹೇಳುವುದು ಅನ್ಯಾಯವಾದೀತು. ತೋಟಕ್ಕೆ ತಾವೇ ನಡೆದು ಬಂದು, ಕೊಳೆರೋಗ ಬಡಿದ ಮರಗಳನ್ನು ಕಣ್ಣಾರೆ ಕಂಡು, ಕಂತು ಮುಂದೂಡಿಸಿಕೊಟ್ಟ ವ್ಯವಸ್ಥಾಪಕರ ಹೆಸರನ್ನು ಹಳ್ಳಿಗಳಲ್ಲಿ ಇಂದಿಗೂ ನೆನೆಯುತ್ತಾರೆ. ಆದರೆ ಅಂಥವರು ಇರಬಹುದಾದ ವ್ಯವಸ್ಥೆಯೇ ಕರಗುತ್ತಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಐದರಲ್ಲಿ ಮೂರು ಹೆಸರುಗಳು ಅಳಿದು, ಮಂಗಳೂರಿನಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡದ್ದು ಕರ್ಣಾಟಕ ಬ್ಯಾಂಕು ಒಂದೇ. ಹೆಸರುಗಳಿಗಾಗಿ ಅಳುವುದರಲ್ಲಿ ಅರ್ಥವಿಲ್ಲ. ನಷ್ಟವಾದದ್ದು ಬೇರೆ. ಬೈಲು ಗದ್ದೆಗೂ ಮಜಲು, ಬೆಟ್ಟು ಗದ್ದೆಗೂ ವ್ಯತ್ಯಾಸ ಬಲ್ಲ, ತುಳುವಿನಲ್ಲಿಯೋ ಕನ್ನಡದಲ್ಲಿಯೋ ನಾಲ್ಕು ಮಾತು ಕೇಳಿ ಮನುಷ್ಯನನ್ನು ಅಳೆಯಬಲ್ಲ ಅಧಿಕಾರಿ ಶಾಖೆಯಲ್ಲಿರುವುದು ಅಪರೂಪವಾಯಿತು. ಭಾಷೆ ತಿಳಿಯದ ಊರಿಗೆ ವರ್ಗವಾಗಿ ಬಂದು, ಮತ್ತೆ ವರ್ಗವಾಗಿ ಹೋಗುವವರಿಗೆ ಕಾಗದವನ್ನು ನಂಬದೆ ಗತ್ಯಂತರವಿಲ್ಲ. ಕಾಗದದ ಮೇಲಿನ ಅವಲಂಬನೆ ಹೆಚ್ಚಿದಷ್ಟೂ ಕಾಗದ ಒದಗಿಸುವ ಮಧ್ಯವರ್ತಿಯ ಬೆಲೆ ಏರುತ್ತದೆ.

ವಾಣಿಜ್ಯ ಬ್ಯಾಂಕುಗಳಿಗಿಂತ ಸಹಕಾರಿ ಸಂಘಗಳೇ ಮೇಲೆಂದು ಕರಾವಳಿಯ ರೈತರು ಹೇಳುವುದರಲ್ಲಿ ಸತ್ಯವಿದೆ. ಪುತ್ತೂರಿನ ಮೊಳಹಳ್ಳಿ ಶಿವರಾಯರಂಥವರು ಕಟ್ಟಿ ಬೆಳೆಸಿದ ಪರಂಪರೆ ಇಲ್ಲಿ ಗಟ್ಟಿಯಾಗಿದೆ; ಸೊಸೈಟಿಯ ಕಾರ್ಯದರ್ಶಿಗೆ ಸದಸ್ಯನ ಮನೆ ಗೊತ್ತು, ತೋಟ ಗೊತ್ತು. ರಾಜ್ಯ ಸರಕಾರದ ಶೂನ್ಯ ಬಡ್ಡಿಯ ಬೆಳೆ ಸಾಲ ದೊರೆಯುವುದೂ ಈ ಸಂಘಗಳ ಮೂಲಕವೇ. 2023ರ ಮುಂಗಡಪತ್ರದಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಶೂನ್ಯಕ್ಕೊಂದು ಷರತ್ತಿದೆ: ಗಡುವಿನೊಳಗೆ ಪೂರ್ತಿ ಮರುಪಾವತಿ. ಬೆಳೆ ಕೈಕೊಟ್ಟರೂ, ಅಡಿಕೆಯ ದರ ಇಳಿದು ಮಾರದೆ ಕೂಡಿಟ್ಟಿದ್ದರೂ, ಗಡುವಿನ ದಿನ ಸಾಲ ಚುಕ್ತಾ ಆಗಲೇಬೇಕು. ಆದರೆ ಮರುದಿನವೋ ಮರುವಾರವೋ ಹೊಸ ಸಾಲ ದೊರೆಯುತ್ತದೆ. ಆ ನಡುವಿನ ಕೆಲವು ದಿನಗಳಿಗೆ ಕೈಗಡ ಎಲ್ಲಿಂದ? ಬೆಂಡೋಲೆ, ಕರಿಮಣಿ ಮತ್ತೆ ಅಡವಿನಂಗಡಿಗೆ ಹೋಗುತ್ತವೆ, ಇಲ್ಲವೇ ಕೆಲವೇ ದಿನಗಳ ಕೈಗಡಕ್ಕೆ ತಿಂಗಳ ಬಡ್ಡಿ ಕೀಳುವ ಲೇವಾದೇವಿಗಾರನ ಬಾಗಿಲು ತೆರೆದಿರುತ್ತದೆ. ಕರಾವಳಿಯ ಸಹಕಾರಿ ರಂಗವು ಅಭಿಮಾನದಿಂದ ಹೇಳಿಕೊಳ್ಳುವ ನೂರಕ್ಕೆ ನೂರರ ಸನಿಹದ ವಸೂಲಾತಿಯು ಕೃಷಿಕನ ಮರ್ಯಾದೆಗೆ ಸಾಕ್ಷಿ, ಸಂಶಯವಿಲ್ಲ; ಅವನ ತೋಟದ ಆದಾಯಕ್ಕೆ ಸಾಕ್ಷಿಯೆಂದು ಓದಿದರೆ ತಪ್ಪಾಗುತ್ತದೆ. 2016ರ ನವೆಂಬರಿನಲ್ಲಿ ಹಳೆಯ ನೋಟು ಪಡೆಯದಂತೆ ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕು ತಡೆದಾಗ ಈ ಮರ್ಯಾದಸ್ಥರೇ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ತಮ್ಮ ಸ್ವಂತ ಸೊಸೈಟಿಯ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಯಿತು.

ಮನ್ನಾದ ಮಾತಿಗೆ ಬಂದರೆ, 2008ರ ಕೇಂದ್ರದ ಯೋಜನೆಯನ್ನು ಮಹಾಲೇಖಪಾಲರು ಪರಿಶೀಲಿಸಿ 2013ರಲ್ಲಿ ಮಂಡಿಸಿದ ವರದಿಯನ್ನು ಪ್ರತಿಯೊಬ್ಬ ರೈತ ಮುಖಂಡನೂ ಓದಬೇಕು. ತಪಾಸಣೆಗೊಳಗಾದ 90,576 ಖಾತೆಗಳಲ್ಲಿ ನೂರಕ್ಕೆ 22ರಷ್ಟರಲ್ಲಿ ಲೋಪಗಳಿದ್ದವು. ಮನ್ನಾ ಪಟ್ಟಿಯಿಂದ ಹೊರಗುಳಿದಿದ್ದವುಗಳಲ್ಲಿ 9,334 ಖಾತೆಗಳನ್ನು ನೋಡಿದಾಗ 1,257 ಖಾತೆಗಳ ರೈತರು ಅರ್ಹರಾಗಿದ್ದೂ ಬ್ಯಾಂಕುಗಳು ಅವರನ್ನು ಪರಿಗಣಿಸಿಯೇ ಇರಲಿಲ್ಲ. 2,824 ಪ್ರಕರಣಗಳಲ್ಲಿ ದಾಖಲೆಗಳನ್ನು ತಿದ್ದಿದ, ಮೇಲೆ ಬರೆದ ಗುರುತುಗಳಿದ್ದವು. ಕಿರು ಸಾಲ ಸಂಸ್ಥೆಗಳಿಗೆ ಕೊಟ್ಟಿದ್ದ 164 ಕೋಟಿಗೂ ಮಿಕ್ಕ ಸಾಲಕ್ಕೆ ಬ್ಯಾಂಕೊಂದು ರೈತರ ಮನ್ನಾದ ಹಣದಿಂದ ಪರಿಹಾರ ಪಡೆದಿತ್ತು. ಒಟ್ಟಿನಲ್ಲಿ ಆ ಯೋಜನೆಯಡಿ ಹರಿದ 52,000 ಕೋಟಿಗೂ ಹೆಚ್ಚಿನ ಹಣ ಬ್ಯಾಂಕುಗಳ ಹಳೆಯ ಬಾಕಿ ಚುಕ್ತಾ ಮಾಡಿತು. ರೈತನ ಮುಂದಿನ ಬೆಳೆಗೆ ಏನಾಯಿತೆಂಬುದು ಯೋಜನೆಯ ಪ್ರಶ್ನೆಯೇ ಆಗಿರಲಿಲ್ಲ.

2018ರ ಜುಲೈ 5ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಘೋಷಿಸಿದ 2 ಲಕ್ಷ ರೂಪಾಯಿಯ ಮನ್ನಾ ಮೊದಲಿಗೆ ಸುಸ್ತಿದಾರರಿಗಷ್ಟೇ ಅನ್ವಯಿಸಿತ್ತು. ಹೊಟ್ಟೆಬಟ್ಟೆ ಕಟ್ಟಿ ಗಡುವಿಗೆ ಸಾಲ ತೀರಿಸಿದವರಿಗೆ ಹೆಚ್ಚೆಂದರೆ 25,000 ರೂಪಾಯಿಯ ಪ್ರೋತ್ಸಾಹಧನ! ನಿಯತ್ತಿನವನಿಗೆ ದಂಡ ಎಂಬ ಕೂಗು ಕರಾವಳಿ ಮಲೆನಾಡುಗಳಿಂದ ಎದ್ದಿತು. ಒಂದೇ ವಾರದಲ್ಲಿ ಸಹಕಾರಿ ಸಂಘಗಳ ಚಾಲ್ತಿ ಸಾಲಕ್ಕೂ 1 ಲಕ್ಷದ ವರೆಗೆ ಮನ್ನಾ ವಿಸ್ತರಣೆಯಾಯಿತು. ಆ ಬಳಿಕವೂ ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ತಾಳೆಯಾಗಬೇಕಿತ್ತು. ಒಂದೆಡೆ ಮನೆತನದ ಹೆಸರು ಮುಂದೆ, ಇನ್ನೊಂದೆಡೆ ತಂದೆಯ ಹೆಸರು ಹಿಂದೆ, ಮತ್ತೊಂದೆಡೆ ಜಾತಿಸೂಚಕದ ಬಾಲ. ಕರಾವಳಿಯ ಹೆಸರುಗಳು ಗಣಕಯಂತ್ರಕ್ಕೆ ಒಗ್ಗುವಂಥವಲ್ಲ.

ಮಲೆಯ ನೆಲದ ಮೇಲೆ ಈ ಸಾಲನೀತಿ ಮಾಡಿದ ಪರಿಣಾಮವನ್ನು ಬೇರೆಯಾಗಿಯೇ ನೋಡಬೇಕು. ಬೆಳೆ ಸಾಲ ಎಷ್ಟೆಂದು ನಿರ್ಧಾರವಾಗುವುದು ಜಿಲ್ಲಾ ತಾಂತ್ರಿಕ ಸಮಿತಿಯು ಪ್ರತಿ ಬೆಳೆಗೆ ಎಕರೆವಾರು ನಿಗದಿಪಡಿಸುವ ಸಾಲಪ್ರಮಾಣದಿಂದ. ಅಡಿಕೆಗೆ ಹೆಚ್ಚು, ಭತ್ತಕ್ಕೆ ಕಡಿಮೆ. ಅಡಿಕೆಯ ನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಅಂಚಿನಲ್ಲಿ ಹಲಸು, ಕೆಳಗೆ ಗದ್ದೆ ಎಂಬ ಮಿಶ್ರ ಬದುಕನ್ನು ಅಳೆಯಲು ಆ ಪಟ್ಟಿಗೆ ಬರುವುದಿಲ್ಲ. ಕುಮ್ಕಿಯಿಂದ ಹೊತ್ತು ತರುವ ಸೊಪ್ಪಿಗೆ, ಹಟ್ಟಿಯ ಗೊಬ್ಬರಕ್ಕೆ, ಮನೆಯವರ ದುಡಿಮೆಗೆ ರಶೀದಿಯಿಲ್ಲ. ಚೀಲದ ಗೊಬ್ಬರಕ್ಕೆ ಇದೆ. ಹೆಚ್ಚು ಸಾಲ ಬೇಕಾದವನು ಗದ್ದೆಗೆ ಮಣ್ಣು ತುಂಬಿ ಅಡಿಕೆ ನೆಡುತ್ತಾನೆ. ಅಡಿಕೆಗೆ ಬೇಸಗೆಯ ನೀರು ಬೇಕು, ಕೊಳವೆಬಾವಿಗೆ ಇನ್ನೊಂದು ಸಾಲ. ಅಂತರ್ಜಲ ಇನ್ನಷ್ಟು ಆಳಕ್ಕಿಳಿದರೆ ಮತ್ತೊಂದು ಬಾವಿ, ಮತ್ತೊಂದು ಸಾಲ. ಭತ್ತದ ಗದ್ದೆಗಳು ಕಣ್ಮರೆಯಾದುದಕ್ಕೆ ಕೂಲಿಯಾಳುಗಳ ಅಭಾವವನ್ನಷ್ಟೇ ದೂರುವವರು ಈ ಪಟ್ಟಿಯನ್ನೊಮ್ಮೆ ತರಿಸಿಕೊಂಡು ನೋಡುವುದೊಳಿತು.

ಒಂದೇ ಬೆಳೆಯ ಮೇಲೆ ಹೊರಿಸಿದ ಸಾಲವು ಬೆಳೆ ಸತ್ತ ಮೇಲೂ ಬದುಕಿರುತ್ತದೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಭಾಗಗಳಲ್ಲಿ ಹಳದಿ ಎಲೆ ರೋಗವು ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ, ಅದಕ್ಕೆ ಔಷಧಿಯಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ತೋಟದ ಅಭಿವೃದ್ಧಿಗೆಂದು ಪಡೆದ ದೀರ್ಘಾವಧಿ ಸಾಲದ ಕಂತು ಮಾತ್ರ ಮರ ಹಳದಿಯಾಯಿತೆಂದು ನಿಲ್ಲುವುದಿಲ್ಲ. ಘಟ್ಟದ ಮೇಲಿನ ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ಇನ್ನೊಂದು ವಿಪರ್ಯಾಸ. ನ್ಯಾಯಾಲಯದ ಮೊರೆಹೋಗದೆ ಅಡಮಾನದ ಆಸ್ತಿಯನ್ನು ಹರಾಜು ಹಾಕಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯಿದೆಯು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಆದರೂ ಕಾಫಿ ತೋಟಗಳಿಗೆ ಅದರಡಿ ನೋಟೀಸುಗಳು ಬಂದು, ಕಾಫಿ ಬೆಳೆಯುವುದು ಕೃಷಿಯೇ ಅಲ್ಲವೇ ಎಂದು ಬೆಳೆಗಾರರು ಹೋರಾಡಬೇಕಾಯಿತು. ಪೇಟೆಯ ಉಗ್ರಾಣಕ್ಕೆ ಕೃಷಿಯೆಂಬ ಹೆಸರು ಸುಲಭದಲ್ಲಿ ದಕ್ಕುತ್ತದೆ, ತೋಟಕ್ಕೆ ದಕ್ಕುವುದಿಲ್ಲ!

ಬ್ಯಾಂಕು ಬಿಟ್ಟುಕೊಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕಲ್ಲ. ಗ್ರಾಮೀಣ ಕುಟುಂಬಗಳ ಸಾಲದಲ್ಲಿ ಸಾಂಸ್ಥಿಕ ಮೂಲಗಳ ಪಾಲು 1991ರಲ್ಲಿ ಶೇಕಡಾ 64 ಇದ್ದದ್ದು 2002ರಲ್ಲಿ 57ಕ್ಕೆ ಇಳಿದಿತ್ತು. ಆ ಬಳಿಕದ ವರ್ಷಗಳಲ್ಲಿ ವಾರದ ಕಂತಿನ ಕಿರು ಸಾಲ ಕಂಪನಿಗಳು ಹಳ್ಳಿಹಳ್ಳಿಗೆ ನುಗ್ಗಿದವು. ಅವು ಕಾಗದ ಕೇಳುವುದಿಲ್ಲ, ಬೇಗ ಕೊಡುತ್ತವೆ. ಬಡ್ಡಿ ಬ್ಯಾಂಕಿನ ಹಲವು ಪಟ್ಟು. ವಸೂಲಿಯ ಕಿರುಕುಳ ತಾಳದೆ ಊರು ಬಿಟ್ಟವರ, ಪ್ರಾಣ ಬಿಟ್ಟವರ ಸುದ್ದಿಗಳು ರಾಜ್ಯದುದ್ದಕ್ಕೂ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಯನ್ನು ಅದು ತಡೆದೀತು. ಮೈಲುತುತ್ತಿನ ಹಣಕ್ಕೆ ಬೇರೆ ದಾರಿ ತೋರಿಸುವುದು ಪೊಲೀಸರ ಕೆಲಸವಲ್ಲ.

ಆಸ್ತಿಯ ಜಾಮೀನಿಲ್ಲದೆ ಕೃಷಿ ಸಾಲ ಪಡೆಯುವ ಮಿತಿಯನ್ನು ರಿಸರ್ವ್ ಬ್ಯಾಂಕು 2025ರ ಜನವರಿ 1ರಿಂದ 2 ಲಕ್ಷ ರೂಪಾಯಿಗೆ ಏರಿಸಿದೆ. ಒಂದೂವರೆ ಎಕರೆಯವನ ಅಗತ್ಯಕ್ಕೆ ಇದು ಬಹುಮಟ್ಟಿಗೆ ಸಾಕು. ಅಷ್ಟೇ ಮುಖ್ಯವಾದ, ಹೆಚ್ಚಿನ ರೈತರಿಗೆ ತಿಳಿಯದ ನಿಯಮಗಳೂ ಇವೆ. ಆದ್ಯತಾ ವಲಯದ ಸಾಲಕ್ಕೆ ಅರ್ಜಿ ಕೊಟ್ಟವನಿಗೆ ಬ್ಯಾಂಕು ಸ್ವೀಕೃತಿ ಪತ್ರ ಕೊಡಬೇಕು. ಅರ್ಜಿಯನ್ನು ಇಷ್ಟು ದಿನಗಳಲ್ಲಿ ಇತ್ಯರ್ಥಪಡಿಸುತ್ತೇವೆಂದು ಬ್ಯಾಂಕಿನ ಆಡಳಿತ ಮಂಡಳಿಯೇ ಕಾಲಮಿತಿ ಗೊತ್ತುಮಾಡಿರಬೇಕು. ಅರ್ಜಿ ಬಂದ ದಿನಾಂಕ, ಮಂಜೂರಾಯಿತೇ, ತಿರಸ್ಕೃತವಾಯಿತೇ, ತಿರಸ್ಕರಿಸಿದ್ದರೆ ಕಾರಣವೇನು ಎಂದು ಒಂದು ದಾಖಲೆ ಪುಸ್ತಕ ಇಡಬೇಕು. ಸಣ್ಣ ಮೊತ್ತದ ಆದ್ಯತಾ ಸಾಲಗಳಿಗೆ ಪರಿಶೀಲನಾ ಶುಲ್ಕವೆಂದು ವಸೂಲು ಮಾಡುವಂತಿಲ್ಲ.

ಜಿಲ್ಲೆಯ ಬ್ಯಾಂಕುಗಳ ಸಾಧನೆಯ ಪರಿಶೀಲನಾ ಸಭೆ ಮಂಗಳೂರಿನಲ್ಲಿ ಕಾಲಕಾಲಕ್ಕೆ ನಡೆಯುತ್ತದೆ. ಶಾಸಕರು, ಸಂಸದರು ಅದರಲ್ಲಿ ಕೂರಬಲ್ಲರು. ಶೇಕಡಾವಾರು ಗುರಿಸಾಧನೆಯ ವರದಿಯನ್ನು ಕೇಳಿ ಏಳುವ ಬದಲು ಅಲ್ಲಿ ಎರಡು ಪ್ರಶ್ನೆಗಳನ್ನು ಎತ್ತಬಹುದು. ಕಳೆದ ವರ್ಷ ಕೃಷಿ ಸಾಲವೆಂದು ತೋರಿಸಿದ ಹಣದಲ್ಲಿ ಎರಡೂವರೆ ಎಕರೆಗಿಂತ ಕಡಿಮೆ ಭೂಮಿಯವರಿಗೆ ಸಂದದ್ದೆಷ್ಟು, ಅದರಲ್ಲಿ ಬಂಗಾರದ ಅಡವಿನ ಮೇಲೆ ಕೊಟ್ಟದ್ದೆಷ್ಟು? ಎರಡನೆಯದು, ಶಾಖಾವಾರು ತಿರಸ್ಕೃತ ಅರ್ಜಿಗಳೆಷ್ಟು? ಎರಡನೆಯ ಪ್ರಶ್ನೆಗೆ ಹಲವು ಶಾಖೆಗಳಿಂದ ಸೊನ್ನೆ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಪಹಣಿ ಸರಿಯಿಲ್ಲ, ಮುಂದಿನ ವಾರ ಬನ್ನಿ ಎಂದು ಬಾಯಿಮಾತಿನಲ್ಲಿ ಹಿಂದೆ ಕಳುಹಿಸಿದವನ ಅರ್ಜಿಯನ್ನು ಯಾರೂ ಸ್ವೀಕರಿಸಿಯೇ ಇರುವುದಿಲ್ಲ. ಸ್ವೀಕರಿಸದ ಅರ್ಜಿ ಪುಸ್ತಕದಲ್ಲಿ ಏರುವುದಿಲ್ಲ. ಹೀಗಾಗಿ ಮುಂದಿನ ಬಾರಿ ಸೊಸೈಟಿಗೋ ಬ್ಯಾಂಕಿಗೋ ಹೋಗುವ ರೈತನು ಒಬ್ಬನೇ ಹೋಗದೆ, ನೆರೆಮನೆಯ ಇಬ್ಬರನ್ನು ಕರೆದುಕೊಂಡು, ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಬರಬೇಕು. ಮೊಹರು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಅಂಚೆಯಲ್ಲಿ ನೋಂದಾಯಿಸಿ ಕಳುಹಿಸಲು ತಗಲುವ ಖರ್ಚು ಪರಿಚಿತನ ಚಹಾ ಖರ್ಚಿಗಿಂತ ಹೆಚ್ಚಲ್ಲ.